ಹಿಡಿ ಯಾರ ಕೈಯಲ್ಲಿ? — ಯಂತ್ರವಾದ್ಯಗಳೂ ಮಹಾಜನರೂ

ಮನುಷ್ಯನು ಮಾಡುತ್ತಿದ್ದ ಕೆಲಸಗಳನ್ನು ಯಂತ್ರವು ಒಂದೊಂದಾಗಿ ವಹಿಸಿಕೊಳ್ಳುತ್ತ ಬಂದಿರುವುದು ಹೊಸ ಸಂಗತಿಯೇನೂ ಅಲ್ಲ. ನೂಲುವುದು, ನೇಯುವುದು, ಬೀಸುವುದು, ಲೆಕ್ಕ ಹಾಕುವುದು ಇವೆಲ್ಲವೂ ಯಂತ್ರದ ಪಾಲಾಗಿ ಬಹುಕಾಲವಾಯಿತು. ವಾದ್ಯವನ್ನು ನುಡಿಸುವ ಕೆಲಸವೊಂದು ಮಾತ್ರ ಮನುಷ್ಯನ ಕೈಬೆರಳುಗಳಲ್ಲಿಯೇ ಉಳಿದೀತೆಂದು ರಸಿಕರಲ್ಲಿ ಅನೇಕರು ನಂಬಿದ್ದರು. ಆ ನಂಬಿಕೆಯೂ ಈಗ ಸಡಿಲಾಗಿದೆ. ಗ್ರಾಮಫೋನು, ರೇಡಿಯೋ, ಧ್ವನಿಸುರುಳಿ ಇವುಗಳ ಮಾತನ್ನು ನಾವಿಲ್ಲಿ ಎತ್ತಿಲ್ಲ. ಅವು ಒಮ್ಮೆ ನುಡಿಸಿದುದನ್ನು ಮತ್ತೆ ಕೇಳಿಸತಕ್ಕವು, ತಾವಾಗಿ ನುಡಿಸತಕ್ಕವಲ್ಲ. ನಾವು ಹೇಳುತ್ತಿರುವುದು ನಿಜವಾದ ಚರ್ಮದ ಮೇಲೆ ಏಟು ಹಾಕುವ, ನಿಜವಾದ ತಂತಿಯನ್ನು ಮೀಟುವ ಕಬ್ಬಿಣದ ಕೈಗಳ ವಿಷಯ. ಅಷ್ಟೇ ಅಲ್ಲ, ಎದುರಿಗೆ ನಿಂತ ಮನುಷ್ಯನು ನುಡಿಸಿದುದನ್ನು ಆಲಿಸಿ, ಅದಕ್ಕೆ ಅನುಸಾರವಾಗಿ ಮರುನುಡಿ ಕೊಡುವ ಯಂತ್ರಗಳ ವಿಷಯ. ಪಾಶ್ಚಾತ್ಯ ದೇಶಗಳ ಸಭಾಂಗಣಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಇಂಥ ಯಂತ್ರಗಳು ಕಾಣಿಸಿಕೊಂಡು ಕಾಲು ಶತಮಾನವೇ ಆಯಿತು. ಅವುಗಳ ಬೇರೊಂದು ಜಾತಿಯು ನಮ್ಮ ದೇವಾಲಯಗಳ ಪ್ರಾಂಗಣಗಳನ್ನು ಆಗಲೇ ಹೊಕ್ಕಿದೆ. ಆದುದರಿಂದ ಈ ವಿಷಯವನ್ನು ಪರದೇಶದ ಕೌತುಕವೆಂದು ತಳ್ಳಿಹಾಕದೆ ವಿಚಾರ ಮಾಡುವುದು ಉಚಿತವಾಗಿದೆ.

ಮೊದಲು ಈ ಯಂತ್ರಗಳ ಸ್ವರೂಪವನ್ನು ಅರಿಯೋಣ. ತಂತಿಯ ಸುರುಳಿಯೊಂದರಲ್ಲಿ ವಿದ್ಯುತ್ತನ್ನು ಹರಿಸಿದರೆ ಅದರ ನಡುವಣ ಕಬ್ಬಿಣದ ಕಂಬಿಯು ಥಟ್ಟನೆ ಎಳೆಯಲ್ಪಡುವುದು. ವಿದ್ಯುತ್ತನ್ನು ನಿಲ್ಲಿಸಿದರೆ ಹಿಂದಕ್ಕೆ ಸರಿಯುವುದು. ಸೊಲೆನಾಯ್ಡ್ ಎಂದು ಹೆಸರುಳ್ಳ ಈ ಸಣ್ಣ ಸಾಧನವೇ ಅನೇಕ ಯಂತ್ರವಾದ್ಯಗಳ ಕೈ. ಆ ಕಂಬಿಗೆ ಕೋಲನ್ನು ಕಟ್ಟಿದರೆ ಅದು ಮದ್ದಳೆಯನ್ನು ಬಡಿಯುವುದು. ಗಂಟೆಯನ್ನು ಕಟ್ಟಿದರೆ ಗಂಟೆಯು ನುಡಿಯುವುದು. ಯಾವ ಸ್ವರ, ಎಷ್ಟು ಬಲ ಎಂಬ ಅಪ್ಪಣೆಯನ್ನು ಗಣಕಯಂತ್ರವು ಕೊಡುತ್ತದೆ. ೧೯೮೩ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ಸಂಕೇತಪದ್ಧತಿಯಲ್ಲಿ ಏಟಿನ ಬಲವನ್ನು ೦ಯಿಂದ ೧೨೭ರ ವರೆಗಿನ ಅಂಕಿಗಳಿಂದ ಸೂಚಿಸುತ್ತಾರೆ. ಇವು ಯಂತ್ರದ ಕೈಯೂ ಮಿದುಳೂ ಆದವು. ಕಿವಿಯು ಇನ್ನೂ ಈಚೆಗೆ ಬಂದುದು. ಧ್ವನಿಗ್ರಾಹಕದಿಂದ ಬಂದ ನಾದವನ್ನು ಗಣಕಯಂತ್ರವು ವಿಂಗಡಿಸಿ, ಲಯವೆಷ್ಟು, ಏಟುಗಳು ದಟ್ಟವೋ ವಿರಳವೋ, ಸ್ವರವು ಮೇಲಣದೋ ಕೆಳಗಣದೋ ಎಂಬುದನ್ನು ಕಂಡುಹಿಡಿದು, ಅದಕ್ಕೆ ತಕ್ಕ ಉತ್ತರವನ್ನು ಕೂಡಲೇ ನುಡಿಸಬೇಕು. ಇದರಲ್ಲಿ ಒಂದು ಸೆಕೆಂಡಿನ ನೂರರಲ್ಲಿ ಕೆಲವು ಭಾಗಗಳಷ್ಟು ತಡವಾದರೂ ಲಯವು ಕೆಟ್ಟಂತೆ ಕಿವಿಗೆ ತೋರುತ್ತದೆ. ಇಂಜಿನಿಯರರ ಪರಿಶ್ರಮವೆಲ್ಲ ಈ ಸೂಕ್ಷ್ಮದಲ್ಲಿ ವ್ಯಯವಾಗಿದೆ.

ಎರಡು ಮೂರು ಉದಾಹರಣೆಗಳು ಸಾಕು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಎರಿಕ್ ಸಿಂಗರ್ ಎಂಬವರು ೨೦೦೦ದಲ್ಲಿ 'ಲೀಮರ್' ಎಂಬ ಮಂಡಲಿಯನ್ನು ಸ್ಥಾಪಿಸಿದರು. ಸಂಗೀತಗಾರರೂ ಯಂತ್ರಶಾಸ್ತ್ರಜ್ಞರೂ ಕೂಡಿದ ಈ ಮಂಡಲಿಯವರು ನಿರ್ಮಿಸಿದ 'ಗಿಟಾರ್‌ಬಾಟ್' ಎಂಬ ವಾದ್ಯದಲ್ಲಿ ನಾಲ್ಕು ತಂತಿಗಳು ಬೇರೆಬೇರೆಯಾಗಿ ನಿಂತಿವೆ. ಪ್ರತಿಯೊಂದು ತಂತಿಯ ಮೇಲೆಯೂ ಸರಿದಾಡುವ ಒಂದು ಕುದುರೆಯಿದ್ದು, ಅದು ಬೇಕಾದ ಸ್ಥಾನಕ್ಕೆ ಓಡಿ ನಿಲ್ಲುತ್ತದೆ. ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಗಿಲ್ ವೈನ್‌ಬರ್ಗ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ೨೦೦೬ರ ಸುಮಾರಿಗೆ 'ಹೈಲಿ' ಎಂಬ ಯಂತ್ರವಾದಕನನ್ನು ಜನರ ಮುಂದಿಟ್ಟರು. ಅಮೆರಿಕದ ಆದಿವಾಸಿಗಳು ಹಲವರು ಸುತ್ತ ಕುಳಿತು ಒಟ್ಟಾಗಿ ಬಾರಿಸುವ ದೊಡ್ಡ ಮದ್ದಳೆಯೇ ಅದರ ವಾದ್ಯ. ಮನುಷ್ಯನು ಒಂದು ಕಡೆಯಿಂದ ಬಾರಿಸಿದರೆ ಯಂತ್ರವು ಇನ್ನೊಂದು ಕಡೆಯಿಂದ ಆಲಿಸಿ ಉತ್ತರ ಕೊಡುತ್ತದೆ. ಅದೇ ಸಂಸ್ಥೆಯಲ್ಲಿ ಮುಂದೆ ಸಿದ್ಧವಾದ 'ಶಿಮೋನ್' ನಾಲ್ಕು ತೋಳುಗಳಲ್ಲಿ ಎಂಟು ಕೋಲುಗಳನ್ನು ಹಿಡಿದು ಮರಿಂಬಾ ಎಂಬ ಮರದ ಪಟ್ಟಿಗಳ ವಾದ್ಯವನ್ನು ನುಡಿಸುತ್ತದೆ. ತಾಳಕ್ಕೆ ತಲೆಯನ್ನೂ ತೂಗುತ್ತದೆ. ತಲೆದೂಗುವುದು ಬರಿಯ ವಿನೋದಕ್ಕಲ್ಲ. ಜೊತೆಯಲ್ಲಿ ನುಡಿಸುವ ಮನುಷ್ಯನಿಗೆ ಅದರ ಚಲನೆಯು ಕಣ್ಣಿಗೆ ಕಂಡರೆ ಲಯವನ್ನು ಹೊಂದಿಸಿಕೊಳ್ಳುವುದು ಸುಲಭವಾಗುತ್ತದೆ. ನಮ್ಮ ಕಚೇರಿಗಳಲ್ಲಿ ಹಾಡುವವರ ತೊಡೆಯ ಮೇಲಣ ತಾಳದ ಕೈಯನ್ನು ಮೃದಂಗದವರು ನೋಡುತ್ತಿರುವುದು ಇದೇ ಕಾರಣದಿಂದಲ್ಲವೆ?

ಇಂಥವನ್ನು ಕಂಡು ಬೆರಗಾಗುವುದು ಸಹಜ. ಆದರೆ ಬೆರಗು ವಿಚಾರವಲ್ಲ. ಯಂತ್ರವು ಮನುಷ್ಯನಷ್ಟು ಚೆನ್ನಾಗಿ ನುಡಿಸೀತೇ ಎಂದು ಜನರು ಮೊದಲು ಕೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆ ಪ್ರಶ್ನೆಯು ಎರಡನೆಯದು. ಈ ಯಂತ್ರದ ಎದುರಿಗೆ ಬಂದು ನಿಂತ ಸಾಮಾನ್ಯ ಪ್ರಜೆಯು ನುಡಿಸುವವನಾಗುತ್ತಾನೆಯೋ, ಬರಿಯ ನೋಡುವವನಾಗಿಯೇ ಉಳಿಯುತ್ತಾನೆಯೋ ಎಂಬುದು ಮೊದಲನೆಯ ಪ್ರಶ್ನೆ. ಯಂತ್ರದ ಹಿಡಿಯು ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಗುಣಾವಗುಣವು ನಿಂತಿರುತ್ತದೆ. ಇತಿಹಾಸವು ಇದನ್ನು ಹಲವು ಸಲ ತೋರಿಸಿಕೊಟ್ಟಿದೆ.

ಫ್ರಾನ್ಸ್ ದೇಶದ ವೋಕಾನ್ಸನ್ ಎಂಬಾತನು ೧೭೩೮ರಲ್ಲಿ ಪ್ಯಾರಿಸಿನಲ್ಲಿ ಕೊಳಲು ನುಡಿಸುವ ಪುತ್ಥಳಿಯೊಂದನ್ನು ಪ್ರದರ್ಶಿಸಿದನು. ಅದರೊಳಗಣ ತಿದಿಗಳಿಂದ ಗಾಳಿಯು ಬಂದು, ತುಟಿಗಳೂ ಬೆರಳುಗಳೂ ಆಡಿ, ನಿಜವಾದ ಕೊಳಲೇ ಹನ್ನೆರಡು ರಾಗಗಳನ್ನು ನುಡಿಯುತ್ತಿತ್ತು. ಜನರು ಹಣ ಕೊಟ್ಟು ನೋಡಿ ಹೋದರು. ಕೆಲವೇ ವರ್ಷಗಳಲ್ಲಿ, ೧೭೪೧ರಲ್ಲಿ, ಸರಕಾರದವರು ಆತನನ್ನು ರೇಷ್ಮೆಯ ಕೈಗಾರಿಕೆಯ ಪರಿವೀಕ್ಷಕನನ್ನಾಗಿ ನೇಮಿಸಿದರು. ಆತನು ತಂದ ಮಾರ್ಪಾಡುಗಳನ್ನು ವಿರೋಧಿಸಿ ಲಿಯೋನ್ ನಗರದ ನೇಕಾರರು ೧೭೪೪ರಲ್ಲಿ ದಂಗೆಯೆದ್ದರು. ಮರುವರ್ಷ ಆತನು ತಾನಾಗಿ ನೇಯುವ ಮಗ್ಗವೊಂದನ್ನು ರಚಿಸಿದನು. ಜಾಕಾರ್ಡನು ಮುಂದೆ ತನ್ನ ಪ್ರಸಿದ್ಧವಾದ ಮಗ್ಗವನ್ನು ಕಟ್ಟಿದುದು ಅದರ ಆಧಾರದ ಮೇಲೆಯೇ. ಕೊಳಲಿನ ಗೊಂಬೆಯನ್ನು ಮಾಡಿದ ಬುದ್ಧಿಯೇ ಮಗ್ಗದಿಂದ ನೇಕಾರನ ಕೈಯನ್ನು ಬಿಡಿಸುವ ಉಪಾಯವನ್ನೂ ಹುಡುಕಿತು. ಸಭಿಕರನ್ನು ರಂಜಿಸುವ ಯಂತ್ರಕ್ಕೂ ಕಸಬುದಾರನ ಅನ್ನವನ್ನು ಮುಟ್ಟುವ ಯಂತ್ರಕ್ಕೂ ನಡುವೆ ಇರುವ ದೂರವು ಬಹಳವಲ್ಲವೆಂಬುದು ಇದರಿಂದ ವಿದಿತವಾಗುವುದು.

ಎರಡನೆಯ ಪಾಠವು ಅಮೆರಿಕದ್ದು. ಎಡ್ವಿನ್ ವೋಟಿ ಎಂಬಾತನು ೧೮೯೫ರಲ್ಲಿ ರಚಿಸಿದ 'ಪಿಯಾನೋಲ' ಎಂಬ ಯಂತ್ರವನ್ನು ಪಿಯಾನೋದ ಮುಂದೆ ಇಟ್ಟರೆ, ತೂತು ಕೊರೆದ ಕಾಗದದ ಸುರುಳಿಯ ಅಪ್ಪಣೆಯಂತೆ ಅದರ ಮರದ ಬೆರಳುಗಳು ಮೆಟ್ಟುಗಳನ್ನು ಒತ್ತುತ್ತಿದ್ದವು. ಆದರೆ ಕಾಲಿನಿಂದ ತುಳಿಯುವವನೂ, ಸನ್ನೆಗೋಲುಗಳಿಂದ ಕಾಲಪ್ರಮಾಣವನ್ನು ಹಿಗ್ಗಿಸಿ ಕುಗ್ಗಿಸುವವನೂ ಮನೆಯ ಯಜಮಾನನೇ ಆಗಿದ್ದನು. ಸ್ವರಗಳು ಯಂತ್ರದವು, ಲಯವು ಮನುಷ್ಯನದು. ೧೯೦೪ರಲ್ಲಿ ಜರ್ಮನಿಯಿಂದ ಬಂದ 'ವೆಲ್ಟೆ–ಮಿನ್ಯೋನ್' ಯಂತ್ರವು ಇದಕ್ಕಿಂತ ಮುಂದುವರಿದುದು. ದೊಡ್ಡ ವಿದ್ವಾಂಸರು ನುಡಿಸಿದುದನ್ನು ಅದರ ಬಲಾಬಲಗಳೊಡನೆ ಅದು ಒಪ್ಪಿಸುತ್ತಿತ್ತು. ಮನೆಯವನು ಮಾಡಬೇಕಾದುದು ಅದನ್ನು ನಡೆಯಿಸಿ ಕುರ್ಚಿಯಲ್ಲಿ ಕೂಡುವುದಷ್ಟೆ. ಯಂತ್ರವು ಉತ್ತಮವಾದಷ್ಟೂ ಮನುಷ್ಯನ ಪಾಲು ಕಡಿಮೆಯಾಯಿತು. ವಾದ್ಯಮೇಳದ ನಾಯಕನೆಂದು ಹೆಸರಾಗಿದ್ದ ಜಾನ್ ಫಿಲಿಪ್ ಸೂಸಾ ೧೯೦೬ರಲ್ಲಿ ಈ ವಿಷಯವಾಗಿ ಲೇಖನವೊಂದನ್ನು ಬರೆದು, ಇಂಥ ಯಂತ್ರಗಳಿಂದ ಮನೆಮನೆಗಳಲ್ಲಿ ಹಾಡಿ ನುಡಿಸುವ ಅಭ್ಯಾಸವೇ ನಶಿಸೀತೆಂದು ಎಚ್ಚರಿಸಿದನು. ಆತನ ಇನ್ನೊಂದು ದೂರು ಹಣದ್ದು: ಸುರುಳಿಗಳನ್ನು ಮಾಡಿ ಮಾರುವವರು ಸಂಗೀತವನ್ನು ರಚಿಸಿದವನಿಗೆ ಕಾಸನ್ನೂ ಕೊಡುತ್ತಿರಲಿಲ್ಲ. ೧೯೦೮ರಲ್ಲಿ ಅಲ್ಲಿಯ ಅತ್ಯುಚ್ಚ ನ್ಯಾಯಾಲಯವು ಸುರುಳಿಯು ಸಂಗೀತದ ಪ್ರತಿಯಲ್ಲವೆಂದು ತೀರ್ಪು ಕೊಟ್ಟಿತು. ಜನಾಭಿಪ್ರಾಯವು ಇದನ್ನು ಒಪ್ಪದೆ, ೧೯೦೯ರ ಶಾಸನದಲ್ಲಿ ಪ್ರತಿಯೊಂದು ಸುರುಳಿಗೂ ಎರಡು ಸೆಂಟುಗಳನ್ನು ರಚನಕಾರನಿಗೆ ಸಲ್ಲಿಸತಕ್ಕದ್ದೆಂಬ ವಿಧಿಯು ಬಂದಿತು. ಯಂತ್ರವನ್ನು ಯಾರೂ ನಿಷೇಧಿಸಲಿಲ್ಲ. ಅದರ ಲಾಭದಲ್ಲಿ ಕಲಾವಿದನಿಗೂ ಪಾಲು ಉಂಟೆಂದು ನಿರ್ಣಯಿಸಿದರು. ಇದು ಸ್ಮರಣೀಯವಾದ ಮೇಲ್ಪಂಕ್ತಿಯಾಗಿದೆ.

ಮೂರನೆಯ ಪಾಠವು ನಮ್ಮದೇ ನಾಡಿನದು. ಮೈಸೂರಿನ ಟೀಪೂ ಸುಲ್ತಾನನಿಗಾಗಿ ನಿರ್ಮಿತವಾದ ಮರದ ಹುಲಿಯ ವಿಷಯವನ್ನು ಓದಿದವರು ಬಹುಮಂದಿ ಇರುವರು. ಬಿದ್ದಿರುವ ಯೂರೋಪಿಯನ್ ಸಿಪಾಯಿಯೊಬ್ಬನ ಮೇಲೆ ಹುಲಿಯು ಎರಗಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಸಿಪಾಯಿಯ ಕೈಯು ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳಿಸುತ್ತವೆ. ಹುಲಿಯ ಪಕ್ಕೆಯ ಬಾಗಿಲನ್ನು ತೆರೆದರೆ ಒಳಗೆ ೧೮ ಸ್ವರಗಳ ಚಿಕ್ಕ ಆರ್ಗನ್ ಇದೆ. ಅದನ್ನು ಬೆರಳಿನಿಂದ ನುಡಿಸಬಹುದಾಗಿತ್ತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಹುಲಿಯು ಕೊಳ್ಳೆಯ ಮಾಲಾಗಿ ಲಂಡನ್ನಿಗೆ ಹೋಯಿತು. ೧೮೦೮ರಿಂದ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಅದನ್ನು ಸಾರ್ವಜನಿಕರಿಗೆ ತೋರಿಸಿದರು. ಅಲ್ಲಿಗೆ ಬಂದ ಲಂಡನ್ನಿನ ಜನರು ಹಿಡಿಯನ್ನು ತಾವೇ ತಿರುಗಿಸಿ ಹುಲಿಯನ್ನು ಗರ್ಜಿಸಿದರು. ಆ ಕಿರುಚಾಟದಿಂದ ಪಕ್ಕದ ಪುಸ್ತಕಾಲಯದಲ್ಲಿ ಓದುವವರಿಗೆ ನೆಮ್ಮದಿಯಿಲ್ಲದಂತಾಯಿತೆಂಬ ದೂರು ಅಲ್ಲಿಯ ಪತ್ರಿಕೆಯಲ್ಲಿ ಬಂದಿತು. ಕಾಲಕ್ರಮದಲ್ಲಿ ಆ ಹಿಡಿಯೇ ಕಾಣೆಯಾಯಿತು. ಇಂದು ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಮರೆಯಲ್ಲಿ ನಿಂತಿದೆ.

ಇದರಲ್ಲಿ ಎರಡು ಸಂಗತಿಗಳನ್ನು ಲಕ್ಷಿಸಬೇಕು. ಸಾಮಾನ್ಯ ಜನರು ಕೈಯಿಟ್ಟು ನುಡಿಸಬಹುದಾದ ಯಂತ್ರವಾದ್ಯವು ಮೈಸೂರು ಸೀಮೆಗೆ ಇನ್ನೂರು ವರ್ಷಗಳ ಹಿಂದೆಯೇ ಪರಿಚಿತವಾಗಿತ್ತು. ಅದರ ಯಂತ್ರಭಾಗದಲ್ಲಿ ಫ್ರೆಂಚರ ಸಹಾಯವಿದ್ದಿರಬಹುದೆಂದು ವಿದ್ವಾಂಸರು ಊಹಿಸಿದರೂ, ಮರದ ಕೆಲಸವೂ ಬಣ್ಣವೂ ಈ ನಾಡಿನ ಕೈಗಾರಿಕೆಯವೆಂಬುದನ್ನು ಅವರೂ ಒಪ್ಪುತ್ತಾರೆ. ಇದು ಮೊದಲನೆಯದು. ವಾದ್ಯವು ಎಷ್ಟೇ ಸುರಕ್ಷಿತವಾಗಿದ್ದರೂ ಹಿಡಿಯು ಜನರ ಕೈತಪ್ಪಿದ ಮೇಲೆ ಅದು ವಾದ್ಯವಾಗಿ ಉಳಿಯದೆ ನೋಟದ ವಸ್ತುವಾಗುವುದು. ಇದು ಎರಡನೆಯದು. ಸವೆದ ಪುರಾತನ ವಸ್ತುವನ್ನು ಮುಟ್ಟಗೊಡದಿರುವುದು ನ್ಯಾಯವೇ. ಹೊಸದಾಗಿ ಕಟ್ಟುವ ವಾದ್ಯಗಳಿಗೆ ಮಾತ್ರ ಆ ನ್ಯಾಯವು ಅನ್ವಯಿಸದು.

ಈ ದೃಷ್ಟಿಯಿಂದ ಇಂದಿನ ಯಂತ್ರವಾದ್ಯಗಳನ್ನು ಮೂರು ತರಗತಿಗಳಾಗಿ ವಿಂಗಡಿಸಬಹುದು. ಗುಂಡಿಯನ್ನೊತ್ತಿದರೆ ಗೊತ್ತಾದುದನ್ನೇ ನುಡಿಯತಕ್ಕವು ಕನಿಷ್ಠ. ಕಾಲಪ್ರಮಾಣವನ್ನೋ ಬಲವನ್ನೋ ಪ್ರೇಕ್ಷಕನ ಕೈಗೆ ಬಿಟ್ಟುಕೊಡತಕ್ಕವು ಮಧ್ಯಮ. ತನಿ ಆವರ್ತನದಲ್ಲಿ ಮೃದಂಗದವರು ನುಡಿಸಿದುದಕ್ಕೆ ಘಟದವರು ಉತ್ತರ ಕೊಡುವಂತೆ, ಬಂದವನು ನುಡಿಸಿದುದನ್ನು ಆಲಿಸಿ ಮರುನುಡಿಯತಕ್ಕವು ಉತ್ತಮ. ಈ ಮೂರನೆಯ ತರಗತಿಯ ಯಂತ್ರವು ಸುಮ್ಮನೆ ನಿಂತವನನ್ನು ಒಲಿಸಲಾರದು. ಅವನು ನುಡಿಸಿದರೆ ಮಾತ್ರ ಅದು ನುಡಿಯುವುದು. ಗುಂಡಿಯನ್ನೊತ್ತಿದವನು ಒಂದು ಸಲ ನಕ್ಕು ಹೋಗುತ್ತಾನೆ. ತಾನು ಬಾರಿಸಿದ ಲಯವು ಬೇರೆ ರೂಪದಲ್ಲಿ ತನಗೇ ಮರಳಿ ಬಂದುದನ್ನು ಕೇಳಿದ ಬಾಲಕನು ಮತ್ತೊಮ್ಮೆ, ಇನ್ನಷ್ಟು ಚೆನ್ನಾಗಿ, ಬಾರಿಸಲು ಯತ್ನಿಸುತ್ತಾನೆ. ಶಿಕ್ಷಣವು ಆರಂಭವಾಗುವುದು ಅಲ್ಲಿಯೇ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕನ್ನಡ ನಾಡಿನ ಅನೇಕ ದೇವಾಲಯಗಳಲ್ಲಿ ಮಂಗಳಾರತಿಯ ಸಮಯಕ್ಕೆ ವಿದ್ಯುತ್ತಿನಿಂದ ನಡೆಯುವ ನಗಾರಿ ಗಂಟೆಗಳ ಯಂತ್ರವನ್ನು ವಾಚಕರು ಕಂಡೇ ಇರುತ್ತಾರೆ. ಕಬ್ಬಿಣದ ಚೌಕಟ್ಟಿನಲ್ಲಿ ಒಂದು ನಗಾರಿ, ಒಂದೆರಡು ಗಂಟೆಗಳು, ಒಂದು ಜಾಗಟೆ. ಮೋಟಾರು ತಿರುಗಿದಂತೆಲ್ಲ ಕೋಲುಗಳು ಏಟು ಹಾಕುತ್ತವೆ. ರೋಬಾಟ್ ವಾದ್ಯವೆಂಬ ದೊಡ್ಡ ಹೆಸರು ಅದಕ್ಕಿಲ್ಲದಿದ್ದರೂ ಜಾತಿಯಲ್ಲಿ ಅದು ಅದೇ. ಅದಕ್ಕೆ ಕೈಯಿದೆ, ಕಿವಿಯಿಲ್ಲ. ಅರ್ಚಕರು ಆರತಿಯನ್ನು ನಿಧಾನವಾಗಿ ಎತ್ತಿದರೂ, ಬೇಗನೆ ಮುಗಿಸಿದರೂ, ಅದರ ಏಟು ಒಂದೇ ಸಮನಾಗಿರುವುದು. ಯಾರಾದರೂ ಓಡಿಬಂದು ಗುಂಡಿಯನ್ನು ಆರಿಸುವ ತನಕ ಅದು ನಿಲ್ಲಲರಿಯದು. ಹಿಂದೆ ಇದೇ ಸ್ಥಳದಲ್ಲಿ ಓಲಗದವರು ನಿಂತು, ಉತ್ಸವಕ್ಕೆ ಒಂದು ರೀತಿ, ಶಯನೋತ್ಸವಕ್ಕೆ ಒಂದು ರೀತಿ, ಬೆಳಗಿನ ಪೂಜೆಗೆ ಮತ್ತೊಂದು ರೀತಿ ನುಡಿಸುತ್ತಿದ್ದರು. ಭಕ್ತರು ಸರತಿಯಂತೆ ಗಂಟೆಯ ಹಗ್ಗವನ್ನು ಹಿಡಿದೆಳೆಯುತ್ತಿದ್ದರು. ಹುಡುಗರು ಜಾಗಟೆಗಾಗಿ ಪೈಪೋಟಿ ಮಾಡುತ್ತಿದ್ದರು. ಯಂತ್ರವು ಬಂದ ಕಡೆ ಈ ಇಬ್ಬರ ಕೈಯೂ ಬರಿದಾಗಿದೆ: ಕಸಬುದಾರನದೂ ಹೋಯಿತು, ಭಕ್ತನದೂ ಹೋಯಿತು. ಜನರು ಕೈಮುಗಿದು ನಿಂತು ಮೋಟಾರಿನ ಸದ್ದನ್ನು ಕೇಳುತ್ತಾರೆ.

ಧರ್ಮದರ್ಶಿಗಳ ವಾದವನ್ನೂ ಕೇಳಬೇಕು. ಬಾರಿಸುವವರು ಈಗ ಸಿಕ್ಕುವುದಿಲ್ಲ, ಸಿಕ್ಕಿದರೂ ಪ್ರತಿದಿನವೂ ಬರುವುದಿಲ್ಲ, ಯಂತ್ರಕ್ಕೆ ಒಂದು ಸಲ ಹಣ ಕೊಟ್ಟರೆ ಸಾಕು ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಏಕೆ ಸಿಕ್ಕುವುದಿಲ್ಲ? ತಲೆತಲಾಂತರದಿಂದ ದೇವಾಲಯದ ಬಾಗಿಲಲ್ಲಿ ನುಡಿಸುತ್ತಿದ್ದ ಮನೆತನಗಳಿಗೆ ಹೊಟ್ಟೆಗೆ ಸಾಲದಷ್ಟು ಸಂಭಾವನೆಯನ್ನೂ, ಜಾತಿಯ ಹೆಸರಿನಲ್ಲಿ ತಗ್ಗಿನ ಸ್ಥಾನವನ್ನೂ ಕೊಟ್ಟು, ಕಲೆಯನ್ನು ಮಾತ್ರ ಪೂರ್ಣವಾಗಿ ಬೇಡಿದವರು ನಾವೇ ಅಲ್ಲವೆ? ಅವರ ಮಕ್ಕಳು ಶಾಲೆಗೆ ಹೋಗಿ ಬೇರೆ ಉದ್ಯೋಗವನ್ನು ಹಿಡಿದರೆ ಅದು ಅವರ ತಪ್ಪಲ್ಲ, ಅವರಿಗೆ ಶುಭವಾಗಲಿ. ಯಂತ್ರವು ಬಂದು ವಾದಕನನ್ನು ಓಡಿಸಿತೆಂಬುದು ಪೂರ್ತಿ ನಿಜವಲ್ಲ. ಹಲವೆಡೆಗಳಲ್ಲಿ ನಾವು ಮೊದಲು ವಾದಕನನ್ನು ಕಳೆದುಕೊಂಡು, ಆಮೇಲೆ ಆ ಬರಿದಾದ ಸ್ಥಳಕ್ಕೆ ಯಂತ್ರವನ್ನು ತಂದೆವು. ಆದುದರಿಂದ ಯಂತ್ರವನ್ನು ಕಿತ್ತೆಸೆಯಿರೆಂದು ಕೂಗುವುದರಿಂದ ಮಾತ್ರವೇ ಕಲೆಯು ಮರಳಿ ಬಾರದು. ಗೌರವದ ಸಂಬಳವನ್ನು ಕೊಟ್ಟು, ಕಲಿಯಬಯಸಿದ ಯಾವ ಜಾತಿಯ ಹುಡುಗ ಹುಡುಗಿಯರಿಗಾದರೂ ಕಲಿಸುವ ಏರ್ಪಾಡಾದರೆ ಮಾತ್ರ ಬಂದೀತು.

ಯಂತ್ರವೆಲ್ಲವೂ ಕೆಡಕೆಂಬ ವಾದವು ನಮ್ಮದಲ್ಲವೆಂಬುದಕ್ಕೆ ಬೆಂಗಳೂರಿನ ನಿದರ್ಶನವೇ ಇದೆ. ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್‌ನಾರಾಯಣರು ೧೯೭೦ರ ದಶಕದ ಕೊನೆಯ ಹೊತ್ತಿಗೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರಚಿಸಿದರು. ಅವರ 'ರೇಡೆಲ್' ಸಂಸ್ಥೆಯ ತಂಬೂರಿ, ತಾಳದ ಪೆಟ್ಟಿಗೆಗಳು ಸಂಗೀತ ಕಲಿಯುವವರ ಮನೆಗಳಲ್ಲಿ ಸಾಮಾನ್ಯವಾದವು. ಅವು ತಂತಿಯನ್ನು ಮೀಟತಕ್ಕವಲ್ಲ, ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸತಕ್ಕವು. ಆದುದರಿಂದ ಬೇರೆ ವರ್ಗದವು. ಆದರೂ ನಮ್ಮ ವಿಷಯಕ್ಕೆ ಅವುಗಳಿಂದ ಬೆಳಕು ಸಿಕ್ಕುವುದು. ತಂಬೂರಿ ಹಿಡಿಯುವವರ ಸ್ಥಾನವನ್ನು ಅವು ಕಡಿಮೆ ಮಾಡಿದವೆಂಬುದು ನಿಜ. ಆದರೆ ಒಬ್ಬಂಟಿಯಾಗಿ ಅಭ್ಯಾಸ ಮಾಡುವ ಬಡ ವಿದ್ಯಾರ್ಥಿಗೆ ಶುದ್ಧವಾದ ಶ್ರುತಿಯನ್ನು ಒದಗಿಸಿ, ಹಾಡುವ ಕೆಲಸವನ್ನು ಅವನಿಗೇ ಬಿಟ್ಟುಕೊಟ್ಟವು. ಸಂಗೀತವನ್ನು ಬಲ್ಲವರು ರಚಿಸಿದುದರಿಂದಲೇ ಅವು ಎಲ್ಲಿ ನುಡಿಯಬೇಕು, ಎಲ್ಲಿ ಸುಮ್ಮನಿರಬೇಕೆಂಬುದನ್ನು ಅರಿತಂತೆ ವರ್ತಿಸುತ್ತವೆ.

ಈ ಕೊನೆಯ ಮಾತು ಬಹು ಮುಖ್ಯವಾದುದು. ಪಾಶ್ಚಾತ್ಯರ ಪಿಯಾನೋದಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮೆಟ್ಟುಗಳು. ಅವುಗಳ ನಡುವೆ ಏನೂ ಇಲ್ಲ. ನಮ್ಮ ರಾಗದ ಜೀವವಾದರೋ ಸ್ವರದಿಂದ ಸ್ವರಕ್ಕೆ ಸರಿಯುವ ಗಮಕದಲ್ಲಿದೆ. ಹನ್ನೆರಡು ಮೆಟ್ಟುಗಳನ್ನು ಮಾತ್ರ ಬಲ್ಲ ಯಂತ್ರವು ತೋಡಿಯ ಗಾಂಧಾರವನ್ನು ಹಿಡಿಯಲಾರದು. ಆದರೆ ಮೇಲೆ ಹೇಳಿದ ಗಿಟಾರ್‌ಬಾಟಿನ ಕುದುರೆಯು ತಂತಿಯ ಮೇಲೆ ಜಾರುತ್ತ ಹೋಗತಕ್ಕದ್ದು. ನಮ್ಮ ಗೋಟುವಾದ್ಯದವರು ಕೈಯಲ್ಲಿ ಹಿಡಿದ ಗೋಟನ್ನು ತಂತಿಗಳ ಮೇಲೆ ಜಾರಿಸುವುದೂ ಇದೇ ತತ್ತ್ವದಿಂದ. ಗಮಕವು ಯಂತ್ರಕ್ಕೆ ಅಸಾಧ್ಯವೆಂದು ಹೇಳಲಾಗದು. ಗಮಕವನ್ನು ಬಲ್ಲವರು ಯಂತ್ರವನ್ನು ಇನ್ನೂ ಸಾಕಷ್ಟು ತಿದ್ದಿಲ್ಲವೆಂದಷ್ಟೇ ಹೇಳಬಹುದು. ತಾಳದ ವಿಷಯದಲ್ಲಿ ಒಂದು ಹೆಜ್ಜೆಯು ಆಗಲೇ ಬಿದ್ದಿದೆ. ಭಾರತೀಯ ಮೂಲದ ಅಜಯ್ ಕಪೂರ್ ಎಂಬವರು ಕೆನಡಾ ದೇಶದ ವಿಕ್ಟೋರಿಯಾ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ 'ಮಹಾದೇವಿಬಾಟ್' ಎಂಬ ಹನ್ನೆರಡು ತೋಳುಗಳ ಯಂತ್ರವನ್ನು ನಿರ್ಮಿಸಿದರು. ನಮ್ಮ ದೇಶದ ತಮ್ಮಟೆಯಂಥ ಚರ್ಮವಾದ್ಯಗಳನ್ನೂ ಗಂಟೆಗಳನ್ನೂ ಅದು ನುಡಿಸುತ್ತದೆ. ಅವರೇ ಸಿತಾರಿಗೆ ಸೂಕ್ಷ್ಮಗ್ರಾಹಕಗಳನ್ನು ಅಳವಡಿಸಿ, ವಾದಕನ ಬೆರಳಿನ ಚಲನೆಯು ಯಂತ್ರಕ್ಕೆ ತಿಳಿಯುವಂತೆ ಮಾಡಿದರು. ಸಿತಾರಿನ ಮುಂದೆ ಕುಳಿತವನು ಮನುಷ್ಯ. ತಾಳ ಹಾಕುವುದು ಯಂತ್ರ. ಹಿಡಿಯು ಮನುಷ್ಯನ ಕೈಯಲ್ಲಿ. ಈ ಕಾರ್ಯವು ಕೆನಡಾದಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ನಡೆದುದಕ್ಕೆ ಅಸೂಯೆ ಪಡಬೇಕಾಗಿಲ್ಲ. ಗಣಕಯಂತ್ರದ ವಿದ್ಯೆಯಲ್ಲಿ ಹೆಸರಾದ ಬೆಂಗಳೂರು, ಸಂಗೀತದಲ್ಲಿ ಹೆಸರಾದ ಮೈಸೂರು, ಧಾರವಾಡಗಳು ಒಂದೇ ರಾಜ್ಯದಲ್ಲಿರುವಾಗ ಇವೆರಡು ವಿದ್ಯೆಗಳನ್ನು ಕೂಡಿಸುವ ಕೆಲಸವನ್ನು ನಾವು ಏಕೆ ದೊಡ್ಡದಾಗಿ ಕೈಗೊಳ್ಳಬಾರದೆಂದು ಮಾತ್ರ ಕೇಳುತ್ತೇವೆ.

ಇನ್ನೊಂದು ಅಪಾಯದ ಸೂಚನೆಯನ್ನೂ ಕೊಡಬೇಕಾಗಿದೆ. ೨೦೦೮ರಲ್ಲಿ ನ್ಯೂಯಾರ್ಕಿನಲ್ಲಿ ಜೆಫ್ ಲೀಬರ್‌ಮನ್, ಡಾನ್ ಪಲೂಸ್ಕಾ ಎಂಬ ಇಬ್ಬರು ಕುಶಲಿಗಳು ಅಪೂರ್ವವಾದ ಯಂತ್ರವೊಂದನ್ನು ಕಟ್ಟಿದರು. ಯಾರಾದರೂ ನಾಲ್ಕಾರು ಸ್ವರಗಳ ಒಂದು ಸಣ್ಣ ಪಲ್ಲವಿಯನ್ನು ಕೊಟ್ಟರೆ, ಯಂತ್ರವು ಅದನ್ನು ಬೆಳೆಸಿ, ರಬ್ಬರಿನ ಚೆಂಡುಗಳನ್ನು ಗಾಳಿಯಲ್ಲಿ ಹಾರಿಸಿ ಮರಿಂಬಾದ ಪಟ್ಟಿಗಳ ಮೇಲೆ ಬೀಳಿಸಿ ನುಡಿಸುತ್ತಿತ್ತು. ಜೊತೆಗೆ ಗಾಜಿನ ಬಟ್ಟಲುಗಳ ನಾದವೂ ಇತ್ತು. ನಾವು ಹೇಳಿದ ಉತ್ತಮ ತರಗತಿಗೆ ಅದು ಸಮೀಪವಾದುದೇ ಸರಿ. ಆದರೆ ಅದಕ್ಕೆ ಹಣ ಕೊಟ್ಟವರು ಮದ್ಯದ ವ್ಯಾಪಾರಿಗಳು. ಯಂತ್ರದ ಹೆಸರಿನಲ್ಲಿಯೇ ಆ ಮದ್ಯದ ಹೆಸರು ಸೇರಿತ್ತು. ಸರಕಾರಗಳೂ ನಗರಸಭೆಗಳೂ ವಿಶ್ವವಿದ್ಯಾನಿಲಯಗಳೂ ಕೈಕಟ್ಟಿ ಕುಳಿತರೆ ಸಾರ್ವಜನಿಕರ ವಿನೋದವು ಜಾಹೀರಾತಿನ ಕೂಲಿಯಾಳಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ. ಹಿಡಿಯು ಪ್ರೇಕ್ಷಕನ ಕೈಯಲ್ಲಿದ್ದಂತೆ ತೋರಿದರೂ ಯಂತ್ರದ ಕೀಲಿಕೈಯು ವ್ಯಾಪಾರಿಯ ಜೇಬಿನಲ್ಲಿರಬಹುದು.

ಹಾಗಾದರೆ ಏನು ಮಾಡತಕ್ಕದ್ದು? ಅಧಿಕಾರಿಗಳ ಮುಂದೆಯೂ ಮಹಾಜನರ ಮುಂದೆಯೂ ನಾಲ್ಕು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು ದೇವಾಲಯಗಳಿಗೆ ಸಂಬಂಧಿಸಿದುದು. ವಾದಕರು ಇನ್ನೂ ಇರುವ ಕಡೆ ಅವರ ಬದಲಿಗೆ ನಗಾರಿಯ ಯಂತ್ರವನ್ನು ತರಗೊಡಬಾರದು. ಯಂತ್ರಕ್ಕೆ ದಾನ ಕೊಡಬಯಸುವ ಭಕ್ತರಿಂದ ವಾದಕರ ಸಂಬಳದ ನಿಧಿಗೆ ದಾನವನ್ನು ಪಡೆಯುವ ವ್ಯವಸ್ಥೆಯಾಗಬೇಕು. ಧಾರ್ಮಿಕ ದತ್ತಿ ಇಲಾಖೆಯವರು ಮನಸ್ಸು ಮಾಡಿದರೆ ತಮ್ಮ ಆಡಳಿತದ ದೇವಾಲಯಗಳಲ್ಲಿ ಇದನ್ನು ಮೊದಲು ಮಾಡಿ ತೋರಿಸಬಹುದು. ಯಂತ್ರವಿರುವ ಕಡೆಗಳಲ್ಲಿಯೂ ಗಂಟೆಯ ಹಗ್ಗವನ್ನು ಭಕ್ತರ ಕೈಗೆ ಮರಳಿಸುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಎರಡನೆಯದು ವಸ್ತುಸಂಗ್ರಹಾಲಯಗಳನ್ನೂ ಉದ್ಯಾನಗಳನ್ನೂ ಕುರಿತದ್ದು. ಬೆಂಗಳೂರಿನಲ್ಲಿ ೨೦೧೯ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಎಂಬ ಸಂಗೀತ ಸಂಗ್ರಹಾಲಯದಲ್ಲಿ, ಬಂದವರು ತಮ್ಮ ಕೈಯಿಂದಲೇ ತಟ್ಟಿ ನುಡಿಸಬಹುದಾದ ನಾದೋದ್ಯಾನವಿದೆ. ಅದು ಸರಿಯಾದ ದಾರಿ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳಲ್ಲಿ ಆಲಿಸಿ ಉತ್ತರಿಸುವ ತಾಳಯಂತ್ರವೊಂದನ್ನು ನಮ್ಮ ವಿದ್ಯಾರ್ಥಿಗಳಿಂದಲೇ ಕಟ್ಟಿಸಿ ಇಟ್ಟರೆ, ಶಾಲೆಯ ಮಕ್ಕಳು ವಿದ್ಯುಚ್ಛಾಸ್ತ್ರವನ್ನೂ ಆದಿತಾಳವನ್ನೂ ಒಂದೇ ಸ್ಥಳದಲ್ಲಿ ಕಲಿತಾರು. ಸಾರ್ವಜನಿಕರ ಹಣದಿಂದ ಸ್ಥಾಪಿಸುವ ಯಾವ ಯಂತ್ರವಾದ್ಯವೂ ಬರಿಯ ಗುಂಡಿಯ ಯಂತ್ರವಾಗಿರಕೂಡದೆಂಬುದು ನಿಯಮವಾಗಬೇಕು.

ಮೂರನೆಯದು ಕಲಾವಿದರ ಪಾಲಿನ ವಿಷಯ. ಯಂತ್ರಕ್ಕೆ ಲಯವನ್ನೋ ಗಮಕವನ್ನೋ ಕಲಿಸಬೇಕಾದರೆ ನುರಿತ ವಾದಕರ ಕೈಯಿಂದಲೇ ಕಲಿಸಬೇಕು. ಅವರು ನುಡಿಸಿದುದನ್ನು ಸಾವಿರಾರು ಸಲ ಅಳೆದು ಯಂತ್ರದ ನೆನಪಿನಲ್ಲಿ ತುಂಬಬೇಕು. ಇಂಥ ಸಂದರ್ಭದಲ್ಲಿ ಆ ವಾದಕನ ಹೆಸರೂ ಅವನ ಪಾಲಿನ ಹಣವೂ ಕರಾರಿನಲ್ಲಿ ಸೇರಿರಬೇಕು. ಎರಡು ಸೆಂಟುಗಳ ಶಾಸನವನ್ನು ಅಮೆರಿಕದವರು ೧೯೦೯ರಲ್ಲಿಯೇ ಮಾಡಿದರು. ಡೊಳ್ಳಿನವರೂ ಓಲಗದವರೂ ಬರಹಬಲ್ಲ ವಕೀಲರನ್ನು ಇಟ್ಟುಕೊಂಡವರಲ್ಲವೆಂಬ ಕಾರಣದಿಂದ ಅವರ ವಿದ್ಯೆಯನ್ನು ಬಿಟ್ಟಿಯಾಗಿ ಕೊಂಡೊಯ್ಯುವುದು ನ್ಯಾಯವಲ್ಲ.

ನಾಲ್ಕನೆಯದು ಕಾಲೇಜುಗಳದು. ಇಂಜಿನಿಯರಿಂಗ್ ಕಾಲೇಜುಗಳು ನಮ್ಮಲ್ಲಿ ಊರೂರಿಗೂ ಇವೆ. ಅಲ್ಲಿಯ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಏನಾದರೊಂದು ಯಂತ್ರವನ್ನು ಮಾಡಿ ತೋರಿಸಬೇಕಾಗಿರುವುದು ವಾಡಿಕೆ. ಅವರನ್ನು ಸಮೀಪದ ಮೃದಂಗ ವಿದ್ವಾಂಸರ ಬಳಿಗೋ ಡೊಳ್ಳಿನ ಮೇಳದವರ ಬಳಿಗೋ ಒಂದು ತಿಂಗಳು ಕಳುಹಿಸಿದರೆ, ವಿದ್ವಾಂಸರಿಗೆ ಶಿಷ್ಯರೂ ವಿದ್ಯಾರ್ಥಿಗಳಿಗೆ ಕಿವಿಯೂ ದೊರೆತಂತಾಗುವುದು. ಕಿವಿಯಿಲ್ಲದ ಇಂಜಿನಿಯರನು ಕಿವಿಯುಳ್ಳ ಯಂತ್ರವನ್ನು ಮಾಡಲಾರನು.

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಕುಡಿಯುವ ನೀರು, ರಸ್ತೆ, ಆಸ್ಪತ್ರೆಗಳ ಚಿಂತೆಯಿರುವಾಗ ಯಂತ್ರವಾದ್ಯಗಳ ಚರ್ಚೆಯು ವಿಲಾಸವಲ್ಲವೆ ಎಂದು ಕೆಲವರು ಕೇಳಿಯಾರು. ಸರಕಾರದ ಬೊಕ್ಕಸದಿಂದ ಅಪಾರವಾದ ಹಣವನ್ನು ನಾವು ಬೇಡಿಲ್ಲ. ಯಂತ್ರಗಳು ಹೇಗೂ ಬರುತ್ತಲಿವೆ. ಹಣವೂ ಹೇಗೂ ವೆಚ್ಚವಾಗುತ್ತಲಿದೆ. ಅವು ಯಾವ ನಿಬಂಧನೆಯ ಮೇಲೆ ಬರಬೇಕೆಂಬುದನ್ನು ನಾವು ಗೊತ್ತುಮಾಡದಿದ್ದರೆ ಮಾರುವವರು ಗೊತ್ತುಮಾಡುತ್ತಾರೆ. ನೂಲಿನ ಗಿರಣಿಗಳು ಬಂದಾಗ ನಮ್ಮ ನೇಕಾರರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅದರ ಫಲವನ್ನು ಈ ದೇಶವು ಎರಡು ತಲೆಮಾರು ಅನುಭವಿಸಿತು. ಅಂದು ಕೇಳುವ ಅಧಿಕಾರವು ನಮ್ಮದಾಗಿರ���ಿಲ್ಲ, ಇಂದು ನಮ್ಮದಾಗಿದೆ.

ಮುಂದಿನ ಜಾತ್ರೆಯ ಕಾಲಕ್ಕೆ ಎಷ್ಟು ದೇವಾಲಯಗಳಲ್ಲಿ ಓಲಗದವರ ಸಂಬಳವು ಹೆಚ್ಚಿತು, ಎಷ್ಟು ದೇವಾಲಯಗಳಲ್ಲಿ ಹೊಸ ಮೋಟಾರು ಬಂದಿತು ಎಂಬ ಲೆಕ್ಕವನ್ನು ಇಲಾಖೆಯವರು ತೆಗೆದು ಪ್ರಕಟಿಸಿದರೆ, ನಾವು ಯಾವ ಕಡೆಗೆ ಸಾಗುತ್ತಿರುವೆವೆಂಬುದು ಎಲ್ಲರಿಗೂ ಗೊತ್ತಾದೀತು. ಅಷ್ಟಾದರೂ ಈ ವರ್ಷವೇ ನಡೆಯಲಿ.